ಎಂಬತ್ತು ಪುಟ ಓದಿ ‘ಅದ್ಭುತ’ ಅಂದಿದ್ದೆ
ಗುರುಪುರದ ಓದು | ಒಂದೇ ಸಲಕ್ಕೆ ನಾಲ್ಕು ಫೋಟೊ

ಫೋಟೊ 1: ಬ್ಯಾರನ್ ಮುಂದಿನ ಜಗಲಿ ಮೇಲೆ ಏಳು ಪುಸ್ತಕ

ಮೊದಲು ತಪ್ಪೊಪ್ಪಿಗೆ. ಹೋದ ವರ್ಷ ಇಲ್ಲೇ ‘ಪರ್ವ’ದ ಫೋಟೊ ಹಾಕಿದ್ದೆ, ನೆನಪಿದೆಯಾ? ಪಕ್ಕದಲ್ಲಿ ಕಾಫಿ ಲೋಟ, ಕೆಳಗೆ "ಅದ್ಭುತ! ಎಲ್ಲರೂ ಓದಲೇಬೇಕು." ನಿಮ್ಮಲ್ಲಿ ಸುಮಾರು ಜನ ಹಾರ್ಟ್ ಒತ್ತಿದ್ರಿ. ಆವತ್ತಿಗೆ ನಾನು ಓದಿದ್ದು ಬರೀ ಎಂಬತ್ತು ಪುಟ.

ಆರು ತಿಂಗಳಾದ ಮೇಲೆ ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಪಿರಿಯಾಪಟ್ಟಣ ಕಡೆಯ ಜೂನಿಯರ್ ಒಬ್ಬ ಸಿಕ್ಕಿದ. "ಅಕ್ಕ, ನೀವು ಹೇಳಿದ್ರಿ ಅಂತ ಪರ್ವ ತಗೊಂಡೆ. ರಜೇಲಿ ಹೊಗೆಸೊಪ್ಪು ಕಟ್ಟಿದ ಕೂಲಿ ದುಡ್ಡಲ್ಲಿ. ನೂರು ಪುಟ ದಾಟಕ್ಕಾಗ್ಲಿಲ್ಲ. ನನ್ ತಲೆಗೆ ಪುಸ್ತಕ ಗಿಸ್ತಕ ಹತ್ತಲ್ಲ ಬಿಡಿ" ಅಂದ.

ಅವನು ನನಗಿಂತ ಇಪ್ಪತ್ತು ಪುಟ ಜಾಸ್ತಿ ಓದಿದ್ದ! ಅದನ್ನ ಅವನಿಗೆ ಹೇಳೋಕೆ ಆವತ್ತು ಧೈರ್ಯ ಬರಲಿಲ್ಲ. ಅವನ ಮನೆಯಲ್ಲಿ ಪಠ್ಯ ಬಿಟ್ಟು ಬೇರೆ ಪುಸ್ತಕಕ್ಕೆ ದುಡ್ಡು ಕೊಟ್ಟವನು ಅವನೇ ಮೊದಲು. ಆ ಬಾಗಿಲನ್ನ ಮುಚ್ಚಿದ್ದು ನನ್ನ ಒಂದು ಸುಳ್ಳು ಕ್ಯಾಪ್ಷನ್.

ಅದಕ್ಕೇ ಈ ಮಾತು. ಸುಳ್ಳು ಹೊಗಳಿಕೆಯಿಂದ ಪುಸ್ತಕಕ್ಕೆ ಏನೂ ಆಗಲ್ಲ, ಆದರೆ ಹೊಸದಾಗಿ ಓದೋಕೆ ಹೊರಟವರು "ನಾನೇ ದಡ್ಡ" ಅಂತ ವಾಪಸ್ ಹೋಗ್ತಾರೆ. ಎಷ್ಟು ಸ್ಟಾರ್ ಅನ್ನೋದು ಬಿಡೋಣ. ಎಲ್ಲಿ ನಿಲ್ಲಿಸಿದ್ವಿ, ಎಲ್ಲಿ ನಿದ್ದೆ ಬಂತು, ಎಲ್ಲಿ ಹೊಟ್ಟೆ ಉರೀತು, ಅಷ್ಟು ಹೇಳೋಣ. ನಾನೇ ಶುರು ಮಾಡ್ತೀನಿ.

ಫೋಟೊ 2: ‘ಪರ್ವ’, ‘ಕರ್ವಾಲೊ’

‘ಪರ್ವ’ (1979): ಭೈರಪ್ಪನವರು ಮಹಾಭಾರತದಿಂದ ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನಷ್ಟೇ ಉಳಿಸಿದ ಕಾದಂಬರಿ. ಕತೆ ಶುರುವಾಗೋದು ನಮಗೆ ಅಷ್ಟಾಗಿ ಗೊತ್ತಿಲ್ಲದ ಮದ್ರ ದೇಶದ ಮುದುಕ ಶಲ್ಯನಿಂದ. ನಾನು ಎಡವಿದ್ದೂ ಅಲ್ಲೇ. ಈ ವರ್ಷ ಬ್ಯಾರನ್ ಕಾಯೋ ರಾತ್ರಿಗಳಲ್ಲಿ ಮತ್ತೆ ಹಿಡಿದೆ. ಕುಂತಿ ತನ್ನ ಹಳೇದನ್ನೆಲ್ಲ ನೆನೆಸಿಕೊಳ್ಳೋ ಭಾಗದಿಂದ ಓದಿ, ಆಮೇಲೆ ಮೊದಲಿಗೆ ಬಂದೆ. ಒಂದ್ಸಲ ಸೌದೆ ಹಾಕೋದು ಮರೆತು ಶಾಖ ಇಳಿದು ಅಪ್ಪನ ಹತ್ರ ಬೈಸಿಕೊಂಡೆ, ಅಷ್ಟು ಹಿಡಿಸಿತು. ಯುದ್ಧದ ತಯಾರಿ ಬರೋ ಕಡೆ ತೂಕಡಿಸಿದ್ದೂ ನಿಜ. ಪೂರ್ತಿ ಮುಗಿಸಿದೆ. ಈಗ ಹೇಳ್ತೀನಿ: ದೊಡ್ಡ ಪುಸ್ತಕ, ಆದರೆ ಯಾರಿಗೂ ಮೊದಲ ಪುಸ್ತಕವಾಗಿ ಕೊಡಬೇಡಿ.

‘ಕರ್ವಾಲೊ’ (1980): ಮೊದಲು ಕೊಡಬೇಕಾದ್ದು ಇದು. ಎರಡು ರಾತ್ರಿಗೆ ಮುಗೀತು. ಊರವರ ಕಣ್ಣಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊಗೆ ಅವನಿಲ್ಲದೆ ಕಾಡೇ ಕಾಣಲ್ಲ. ಹಾರುವ ಓತಿಗಿಂತ ಇದೇ ನನಗೆ ದೊಡ್ಡ ಆಶ್ಚರ್ಯ. ನಾಗರಹೊಳೆ ಅಂಚಿನ ನಮ್ಮೂರುಗಳಲ್ಲೂ ಎಷ್ಟು ಜನ ಮಂದಣ್ಣರಿದ್ದಾರೆ, ಯೋಚಿಸಿ. ತಕರಾರು ಒಂದೇ: ತೇಜಸ್ವಿ ಇಲ್ಲಿ ನಾಯಿ ಕಿವಿಗೆ ಕೊಟ್ಟಷ್ಟು ಜಾಗವನ್ನ ಹೆಂಗಸರಿಗೆ ಕೊಟ್ಟಿಲ್ಲ.

ಫೋಟೊ 3: ‘ಕುಸುಮಬಾಲೆ’, ಪಕ್ಕದಲ್ಲಿ ನಮ್ಮಜ್ಜಿಯ ಕೈ

ನಿಲ್ಲಿಸಿದ್ದು: ಹನ್ನೆರಡನೇ ಪುಟ. ಎರಡು ಸಲ.

ದೇವನೂರ ಮಹಾದೇವ ಇದನ್ನ ಬರೆದಿದ್ದು ನಂಜನಗೂಡು ಕಡೆಯ ಆಡುಮಾತಿನಲ್ಲಿ. ನಮ್ಮ ಮಾತಿನ ಅಕ್ಕಪಕ್ಕದ್ದೇ. ಹಾಗಿದ್ದೂ ನನಗೆ ಯಾಕೆ ಓದಕ್ಕಾಗ್ಲಿಲ್ಲ? ಕಾಲೇಜಿಗೆ ಸೇರಿದ ಹೊಸದರಲ್ಲಿ "ಓಯ್ತೀನಿ", "ಬತ್ತೀನಿ" ಅಂದಾಗ ಕ್ಲಾಸಲ್ಲಿ ನಕ್ಕಿದ್ರು. ಆಮೇಲೆ ಒಂದು ವರ್ಷ ಕೂತು "ಹೋಗ್ತೀನಿ", "ಬರ್ತೀನಿ" ಕಲಿತೆ. ನಾನು ಕಷ್ಟಪಟ್ಟು ಮರೆತ ಕನ್ನಡವೇ ಅಚ್ಚಾಗಿ ಎದುರಿಗೆ ಕೂತಿತ್ತು.

ಅಜ್ಜಿಗೆ ಓದು ಬರಲ್ಲ. ಬ್ಯಾರನ್ ಹತ್ರ ಕೂತಿದ್ದಾಗ ಸುಮ್ಮನೆ ಜೋರಾಗಿ ಓದಿದೆ. "ಯಾಕವ್ವ ಹಂಗ್ ತಡವರಿಸ್ತೀಯ? ಮಾತಾಡ್ದಂಗೆ ಓದು" ಅಂದ್ರು. ಮಾತಾಡಿದ ಹಾಗೆ ಓದಿದೆ. ನನಗೆ ಅರ್ಥವಾಗದ ಕಡೆ ಅವರು ನಗೋರು, ಯಾಕೆ ನಕ್ಕೆ ಅಂತ ಕೇಳಿ ತಿಳ್ಕೊಂಡೆ. ದೀಪಗಳ ಜೋತಮ್ಮರು ಸೇರಿ ಮಾತಾಡೋ ಭಾಗ ಬಂದಾಗ ಮಾತ್ರ ಸುಮ್ಮನಾದ್ರು. "ನಮ್ಮವ್ವನೂ ಹೇಳೋಳು ಕಣ. ದೀಪ ದೊಡ್ಡದು ಮಾಡಿದ್ ಮೇಲೆ ಅವೆಲ್ಲ ಒಂದ್ ಕಡೆ ಸೇರ್ಕೊಂಡು ಮನೆಮನೆ ಸುದ್ದಿ ಆಡ್ತವೆ ಅಂತ."

ಈ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅಜ್ಜಿಗೆ ಹೇಳಿದೆ. "ನಮ್ ಮಾತ್ಗಾ?" ಅಂದ್ರು. ನಾನು ಇದನ್ನ ಪೂರ್ತಿ ಅರ್ಥ ಮಾಡ್ಕೊಂಡಿದ್ದೀನಿ ಅಂದ್ರೆ ಮತ್ತೆ ಸುಳ್ಳಾಗುತ್ತೆ. ಒಬ್ಬರೇ ಓದೋ ಪುಸ್ತಕ ಇದಲ್ಲ ಅಂತ ಮಾತ್ರ ಗೊತ್ತಾಯ್ತು. ಮನೆಯಲ್ಲಿ ಅಜ್ಜಿ ಇದ್ದರೆ ಕೂರಿಸಿಕೊಳ್ಳಿ.

ಫೋಟೊ 4: ಉಳಿದ ನಾಲ್ಕು

‘ಶರಪಂಜರ’: ತ್ರಿವೇಣಿ 35 ತುಂಬೋ ಮೊದಲೇ, 1963ರಲ್ಲಿ ತೀರಿಕೊಂಡ್ರು. ಸಂಭಾಷಣೆ ಈಗ ಸ್ವಲ್ಪ ಹಳೇದು ಅನ್ಸುತ್ತೆ. ಆದರೆ ಕಾಯಿಲೆ ವಾಸಿಯಾಗಿ ಬಂದ ಕಾವೇರಿಯನ್ನ ಮನೆಯವರು ನೋಡೋ ರೀತಿ ಇದೆಯಲ್ಲ, ಅದು ಹಳೇದಾಗಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರ ಬಗ್ಗೆ "ಅವರಿಗೆ ಸ್ವಲ್ಪ ತಲೆ..." ಅಂತ ಯಾರೋ ಅಂದಾಗ ನಾನೂ ನಕ್ಕಿದ್ದೆ. ನಾಚಿಕೆ ಆಯ್ತು.

‘ಊರುಕೇರಿ’: ಸಿದ್ಧಲಿಂಗಯ್ಯನವರ ಆತ್ಮಕತೆ. ಬಸ್ಸಲ್ಲಿ ಓದಬೇಡಿ, ಜೋರಾಗಿ ನಗು ಬಂದು ಪಕ್ಕದವರು ನೋಡ್ತಾರೆ. ಅದೇ ಪುಸ್ತಕದಲ್ಲಿ ಮಗ ತನ್ನ ಅಪ್ಪನ ಹೆಗಲ ಮೇಲೆ ನೊಗ ನೋಡ್ತಾನೆ, ಹೊಲ ಉಳೋಕೆ. ಅಲ್ಲಿ ಪುಸ್ತಕ ಮಡಚಿಟ್ಟೆ. ಮಾರನೇ ದಿನವೇ ಮುಂದಕ್ಕೆ ಹೋಗಿದ್ದು.

‘ಹಾರ್ಟ್ ಲ್ಯಾಂಪ್’: ಬಾನು ಮುಷ್ತಾಕ್ ಅವರ ಕತೆಗಳು, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ, 2025ರ ಇಂಟರ್‌ನ್ಯಾಷನಲ್ ಬೂಕರ್. ಬೂಕರ್ ಬಂದ ವಾರ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಅದರಲ್ಲಿ ಎಷ್ಟು ಜನ ಒಂದಾದ್ರೂ ಕತೆ ಓದಿದ್ವಿ? ನಾನು ಓದಿರಲಿಲ್ಲ. ‘ಎದೆಯ ಹಣತೆ’ ಕತೆಯಲ್ಲಿ ತವರಿಗೆ ಬಂದ ಮೆಹರುನ್‌ಳನ್ನ ತವರಿನವರೇ ವಾಪಸ್ ಬಿಟ್ಟು ಬರ್ತಾರೆ. ಇದು ಯಾವ ಜಾತಿ, ಯಾವ ಧರ್ಮದ ಮನೆಯಲ್ಲಿ ಆಗಲ್ಲ ಹೇಳಿ? ದಿನಕ್ಕೆ ಒಂದೇ ಕತೆ ಓದಿ, ಎರಡನೇದು ತಡೆಯಲ್ಲ.

‘ಮೈ ಲ್ಯಾಂಡ್ ಅಂಡ್ ಮೈ ಪೀಪಲ್’ (1962): ದಲೈಲಾಮಾ ಅವರ ಮೊದಲ ಆತ್ಮಕತೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದ್ತಿದ್ದೀನಿ, ಇನ್ನೂ ಅರ್ಧದಲ್ಲಿದ್ದೀನಿ. ನಮ್ಮೂರ ಟಿಬೆಟಿಯನ್ ಕ್ಯಾಂಪಲ್ಲಿ ಚಿಕ್ಕಂದಿನಿಂದ ಮೊಮೊ ತಿಂದಿದ್ದೀನಿ. ಮೊಮೊ ಮಾಡೋ ಅಜ್ಜಿ ಯಾವ ಊರು ಬಿಟ್ಟು ಬಂದ್ರು ಅಂತ ಒಂದು ದಿನವೂ ಕೇಳಿಲ್ಲ. ಪುಸ್ತಕ ಮುಗಿಯೋದಕ್ಕೆ ಮೊದಲು ಕೇಳಬೇಕು.

ಆ ಜೂನಿಯರ್‌ಗೆ ಹೋದ ವಾರ ಎಂಬತ್ತು ಪುಟದ ವಿಷಯ ಹೇಳಿದೆ. ಒಂದು ನಿಮಿಷ ಮುಖ ನೋಡಿದ. "ನಮ್ಮನ್ನೇ ಯಾಮಾರಿಸ್ಬಿಟ್ರಲ್ಲಕ್ಕ" ಅಂದ. ನಗ್ತಾ ಅಂದಿದ್ದೋ ಬೇಜಾರಲ್ಲಿ ಅಂದಿದ್ದೋ ಗೊತ್ತಾಗಲಿಲ್ಲ. ನನ್ನ ‘ಕರ್ವಾಲೊ’ ಕೊಟ್ಟು ಕಳಿಸಿದ್ದೀನಿ. ಇಷ್ಟ ಆಗದಿದ್ರೆ ಆಗಲಿಲ್ಲ ಅಂತಲೇ ಹೇಳಬೇಕು ಅಂತ ಮಾತು ತಗೊಂಡಿದ್ದೀನಿ.

ಈಗ ನಿಮ್ಮ ಸರದಿ. ಅರ್ಧಕ್ಕೆ ಬಿಟ್ಟ ಒಂದು ಪುಸ್ತಕ, ನಿಲ್ಲಿಸಿದ ಪುಟ, ಕಾರಣ. ಕಾಮೆಂಟಲ್ಲಿ ಬರೀರಿ. ಯಾರೂ ನಗಲ್ಲ, ನಕ್ಕರೆ ನಾನು ನೋಡ್ಕೋತೀನಿ.

#ಗುರುಪುರದಓದು #ನಿಲ್ಲಿಸಿದಪುಟ #ಕನ್ನಡಪುಸ್ತಕ