ಅತಿಥಿಗಾಗಿ ಚಪ್ಪರವೋ, ಕ್ಯಾಮೆರಾಕ್ಕಾಗಿ ವೇದಿಕೆಯೋ?

ಅಡಿಕೆ ಕೊಯ್ಲು ಮುಗಿದು, ಒಣಗಿದ ಅಡಿಕೆ ಚೀಲ ಸೇರಿ, ಅಂಗಳ ಬಿಡುವಾಯಿತೆಂದರೆ ಮಲೆನಾಡಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಕಾಲ. ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಪ್ರತಿ ಮನೆಗೂ ಹತ್ತಾರು ಕರೆಯೋಲೆಗಳು ಬರುತ್ತವೆ. ಹೋಗುತ್ತೇವೆ, ಉಣ್ಣುತ್ತೇವೆ, ಉಡುಗೊರೆ ಕೊಟ್ಟು ಮರಳುತ್ತೇವೆ. ಹೇಗಿತ್ತೆಂದು ಯಾರಾದರೂ ಕೇಳಿದರೆ ‘ಭರ್ಜರಿಯಾಗಿತ್ತು’ ಎನ್ನುತ್ತೇವೆ. ‘ಸಂತೋಷವಾಯಿತು’ ಎನ್ನುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಈ ಎರಡು ಉತ್ತರಗಳ ನಡುವೆ ಏನು ಕಳೆದುಹೋಗುತ್ತಿದೆ ಎಂಬುದನ್ನು ನಾವೆಲ್ಲ ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಇಂದಿನ ಸಮಾರಂಭದ ಸ್ಥಳವನ್ನೊಮ್ಮೆ ಗಮನಿಸಿ. ಒಂದು ತುದಿಯಲ್ಲಿ ಎತ್ತರದ ವೇದಿಕೆ, ಅದರ ಹಿಂದೆ ಬಣ್ಣದ ಬಟ್ಟೆ ಮತ್ತು ಪ್ಲಾಸ್ಟಿಕ್ ಹೂವುಗಳ ಗೋಡೆ, ಕಣ್ಣು ಕುಕ್ಕುವ ದೀಪಗಳು. ಎದುರಿಗೆ ಬಸ್ಸಿನ ಸೀಟುಗಳಂತೆ ಒಂದರ ಹಿಂದೆ ಒಂದು ಕುರ್ಚಿ ಸಾಲು. ಅತಿಥಿಗೆ ಕಾಣುವುದು ಮುಂದೆ ಕುಳಿತವರ ಬೆನ್ನು, ಅದರಾಚೆಗೆ ಛಾಯಾಗ್ರಾಹಕರ ಬೆನ್ನು. ಪಕ್ಕದವರೊಡನೆ ಮಾತನಾಡೋಣವೆಂದರೆ ಧ್ವನಿವರ್ಧಕ ಬಿಡುವುದಿಲ್ಲ. ವಧೂವರರಿಗೆ ಶುಭ ಹಾರೈಸಲು ಅರ್ಧ ಗಂಟೆ ಸರದಿಯಲ್ಲಿ ನಿಂತು, ಕ್ಷಣಮಾತ್ರ ಕ್ಯಾಮೆರಾದ ಕಡೆ ನೋಡಿ, ಊಟದ ಸಾಲಿಗೆ ಓಡಬೇಕು. ಈ ವ್ಯವಸ್ಥೆಯಲ್ಲಿ ಎಲ್ಲವೂ ಕ್ಯಾಮೆರಾದ ಅನುಕೂಲಕ್ಕೆ ತಕ್ಕಂತಿದೆ. ಬಂದವರ ಅನುಕೂಲವನ್ನು ಕೇಳಿದವರಿಲ್ಲ.

ನಮ್ಮ ಹಿರಿಯರ ಚಪ್ಪರದ ಲೆಕ್ಕಾಚಾರ ಬೇರೆಯದಾಗಿತ್ತು. ಫಸಲು ನಿಂತ ಮುದಿ ಅಡಿಕೆ ಮರ ಕಂಬವಾಗುತ್ತಿತ್ತು, ಸೀಳಿದ ದಬ್ಬೆ ಅಡ್ಡಗಳಾಗುತ್ತಿದ್ದವು, ತೋಟದಲ್ಲಿ ಬಿದ್ದ ಸೋಗೆ ಮೇಲಿನ ಹೊದಿಕೆಯಾಗುತ್ತಿತ್ತು. ಸೋಗೆಯ ಹೊದಿಕೆಗೆ ಒಂದು ಗುಣವಿದೆ. ಅದು ಬಿಸಿಲನ್ನು ತಡೆಯುತ್ತದೆ, ಆದರೆ ಎಲೆಗಳ ಸಂದಿಯಿಂದ ಬಿಸಿಗಾಳಿಯನ್ನು ಮೇಲಕ್ಕೆ ಹೋಗಗೊಡುತ್ತದೆ. ತಗಡಿನ ಮಾಡು ಮಧ್ಯಾಹ್ನದ ಹೊತ್ತಿಗೆ ತಾನೇ ಕಾದು ಕೆಳಗಿನವರ ಮೇಲೆ ಶಾಖ ಸುರಿಸುತ್ತದೆ. ನಾಲ್ಕೂ ಕಡೆ ಪರದೆ ಇಳಿಬಿಟ್ಟ ಶಾಮಿಯಾನವಂತೂ ಒಳಗಿನ ಉಸಿರನ್ನೇ ಹಿಡಿದಿಡುತ್ತದೆ. ಬಲ್ಲವರು ಚಪ್ಪರದ ಪಶ್ಚಿಮಕ್ಕೆ ಮಾತ್ರ ಸೋಗೆಯ ತಟ್ಟಿ ಕಟ್ಟಿ ಇಳಿಬಿಸಿಲನ್ನು ತಡೆದು, ಗಾಳಿ ಬರುವ ದಿಕ್ಕನ್ನು ತೆರೆದಿಡುತ್ತಿದ್ದರು. ಸಗಣಿ ಸಾರಿಸಿದ ನೆಲ ಬರಿಗಾಲಿಗೆ ತಂಪು ಕೊಡುತ್ತಿತ್ತು, ಧೂಳೂ ಏಳುತ್ತಿರಲಿಲ್ಲ. ಬಾಡಿಗೆಯ ಕೂಲರ್ ತಂದು ಜನರೇಟರ್ ಓಡಿಸಿ ಪಡೆಯುವ ತಂಪನ್ನು ತೋಟದ ಕಸವೇ ಒದಗಿಸುತ್ತಿತ್ತು.

ಕೂರುವ ಕ್ರಮದಲ್ಲೂ ವಿವೇಕವಿತ್ತು. ಚಪ್ಪರದ ಅಂಚಿನುದ್ದಕ್ಕೂ ದಬ್ಬೆಯ ಮಂಚ, ನೆಲದ ಮೇಲೆ ಚಾಪೆ, ಜಮಖಾನ, ವಯಸ್ಸಾದವರಿಗೆ ಜಗುಲಿ. ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿತ್ತು. ನಡುವೆ ಕವಳದ ಹರಿವಾಣ. ಎಲೆಗೆ ಸುಣ್ಣ ಹಚ್ಚುವ ಆ ಐದು ನಿಮಿಷದಲ್ಲಿ ಗುರುತಿಲ್ಲದ ಇಬ್ಬರ ನಡುವೆ ಊರು, ತೋಟ, ಮಳೆಯ ಮಾತು ತಾನಾಗಿ ಹುಟ್ಟುತ್ತಿತ್ತು. ಅಂಗಳಕ್ಕೆ ಕಾಲಿಟ್ಟವರಿಗೆ ಮೊದಲು ಕಾಲಿಗೆ ನೀರು, ಬಳಿಕ ಆಸರಿಗೆ ಬೆಲ್ಲ, ಮುರುಗಲ ಪಾನಕ. ಬಿಸಿಲಲ್ಲಿ ನಡೆದು ಬಂದವನ ಮೊದಲ ಅಗತ್ಯ ನೀರೆಂಬುದನ್ನು ಹೇಳಿಕೊಡಲು ಅಲಂಕಾರದ ಗುತ್ತಿಗೆದಾರರು ಬೇಕಿರಲಿಲ್ಲ. ಅಲಂಕಾರ ಇರಲಿಲ್ಲವೆಂದಲ್ಲ. ಮಾವಿನ ತೋರಣ, ಬೈನೆಯ ಸೊಪ್ಪು, ಬಾಳೆಯ ಕಂಬಗಳಿದ್ದವು. ಸಾಗರ ಸೀಮೆಯ ದೀವರ ಮನೆಗಳಲ್ಲಿ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪಿನಿಂದ ಹೆಂಗಸರು ಬರೆಯುವ ಹಸೆ ಚಿತ್ತಾರವಿತ್ತು. ಅಂಥ ಗೋಡೆಯ ಮುಂದೆ ಥರ್ಮೊಕೋಲಿನ ಹಂಸಗಳನ್ನು ನಿಲ್ಲಿಸುವುದನ್ನು ಪ್ರಗತಿಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಹಬ್ಬದ ಮರುದಿನದ ಅಂಗಳವೂ ಹಬ್ಬದ ಭಾಗವೇ. ಹಳೆಯ ಚಪ್ಪರ ಬಿಚ್ಚಿದರೆ ಸೋಗೆ ತೋಟದ ಮುಚ್ಚಿಗೆಗೆ, ಕಂಬ ಮುಂದಿನ ಮನೆಗೆ, ಬಾಳೆ ಎಲೆ ಕೊಟ್ಟಿಗೆಗೆ ಅಥವಾ ಗೊಬ್ಬರದ ಗುಂಡಿಗೆ. ಇಂದು ಉಳಿಯುವುದು ತೆಳು ಲೋಟ, ನೀರಿನ ಬಾಟಲಿ, ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಮಿರುಗುವ ಕಾಗದ. ಹಳ್ಳಿಯಲ್ಲಿ ಇವಕ್ಕೆ ದಾರಿ ಎರಡೇ: ಸುಡುವುದು, ಇಲ್ಲವೇ ಹಳ್ಳದ ದಂಡೆಗೆ ಎಸೆಯುವುದು. ಮಳೆ ಹಿಡಿದ ಕೂಡಲೇ ಅವು ಹಳ್ಳದಿಂದ ಹೊಳೆಗೆ ಇಳಿಯುತ್ತವೆ. ಅನ್ನ ಮೆತ್ತಿದ ಹಾಳೆಯನ್ನು ದನ ತಿನ್ನುತ್ತದೆ. ಕರ್ನಾಟಕ ಸರ್ಕಾರ ೨೦೧೬ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್‌ಗಳ ಜೊತೆಗೆ ಊಟದ ಮೇಜಿನ ಹಾಳೆಯನ್ನೂ ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಕೇಂದ್ರದ ನಿಯಮದಡಿ ಅಲಂಕಾರದ ಥರ್ಮೊಕೋಲ್ ಮತ್ತು ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳೂ ನಿಷಿದ್ಧ. ಆದರೂ ನಿಷೇಧಿಸಿದ ವಸ್ತುಗಳಿಂದಲೇ ನಾವು ಮಂಗಳಕಾರ್ಯದ ಮಂಟಪ ಕಟ್ಟುತ್ತಿದ್ದೇವೆ.

ಶಬ್ದದ ಮಾತೂ ಹೀಗೆಯೇ. ೨೦೦೦ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬಲ್ ಮಿತಿಯಿದೆ. ಕಣಿವೆಯ ಊರುಗಳಲ್ಲಿ ಶಬ್ದ ಗುಡ್ಡಕ್ಕೆ ಬಡಿದು ಮರಳುತ್ತದೆ. ಒಂದು ಮನೆಯ ಸಂಭ್ರಮವನ್ನು ಮೂರು ಊರುಗಳು ಸಹಿಸಬೇಕಾಗುತ್ತದೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ಬಹುದಿನಗಳ ಮೇಲೆ ಭೇಟಿಯಾದ ನೆಂಟರು ಪರಸ್ಪರ ಕಿವಿಗೆ ಬಾಯಿಟ್ಟು ಕೂಗುವ ಸ್ಥಿತಿಗೆ ಸಂತೋಷವೆಂಬ ಹೆಸರು ಹೇಗೆ ಒಪ್ಪೀತು?

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಚಪ್ಪರಕ್ಕೆ ಜನ ಬೇಕು. ಮಕ್ಕಳೆಲ್ಲ ಬೆಂಗಳೂರಿನಲ್ಲಿರುವಾಗ ಕಂಬ ಹೊರುವವರು ಯಾರು ಎಂಬ ಪ್ರಶ್ನೆ ಸುಳ್ಳಲ್ಲ. ಮನೆಯಲ್ಲಿ ಮದುವೆಯೆಂದರೆ ಹೆಂಗಸರಿಗೆ ವಾರಗಟ್ಟಲೆ ಬಿಡುವಿಲ್ಲದ ದುಡಿಮೆ. ಪಟ್ಟಣದ ಕಲ್ಯಾಣಮಂಟಪ ಅವರಿಗೆ ಮೊದಲ ಬಾರಿಗೆ ಕುಳಿತು ಮದುವೆ ನೋಡುವ ಅವಕಾಶ ಕೊಟ್ಟಿತೆಂಬುದೂ ನಿಜ. ಅದಕ್ಕಿಂತ ಕಹಿಯಾದ ಸತ್ಯವೊಂದಿದೆ. ಹಳೆಯ ಚಪ್ಪರದ ಕೆಳಗೆ ಎಲ್ಲರಿಗೂ ಸಮಾನ ಸ್ಥಾನವಿರಲಿಲ್ಲ. ಜಾತಿಗೊಂದು ಪಂಕ್ತಿಯಿತ್ತು. ಕಂಬ ನೆಟ್ಟವರು, ಸೋಗೆ ಹೊದಿಸಿದವರು ಹೊರಗೆ ಕಾದು ಕೊನೆಗೆ ಉಣ್ಣುತ್ತಿದ್ದರು. ಹೆಂಗಸರ ಊಟ ಅದಕ್ಕೂ ತಡ. ಸೋಗೆಯ ತಂಪನ್ನು ಮರಳಿ ತರುವ ನೆಪದಲ್ಲಿ ಈ ಅನ್ಯಾಯ ಮರಳಿ ಬರಕೂಡದು. ಚಪ್ಪರ ಕಟ್ಟಿದವನಿಗೆ ಅದರ ನೆರಳಿನಲ್ಲಿ, ಮೊದಲ ಪಂಕ್ತಿಯಲ್ಲಿ ಎಲೆ ಹಾಕದಿದ್ದರೆ ಆ ಚಪ್ಪರಕ್ಕಿಂತ ಶಾಮಿಯಾನವೇ ವಾಸಿ.

ಸರಳತೆಯಿಂದ ಸಂಭ್ರಮ ಕುಂದುತ್ತದೆಂಬ ಭಯವೂ ಬೇಡ. ಕುವೆಂಪು ಅವರು ಆಡಂಬರ, ವರದಕ್ಷಿಣೆಗಳಿಲ್ಲದ ವಿವಾಹಕ್ಕಾಗಿ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದರು. ೧೯೬೬ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಮಲೆನಾಡಿನಲ್ಲಿ ಹಾಗೆ ನಡೆಯಿತು. ಅದು ಇಂದಿಗೂ ಜನರ ನೆನಪಿನಲ್ಲಿರುವುದು ಅಲಂಕಾರದ ಕಾರಣದಿಂದಲ್ಲ.

ಹಾಗಾದರೆ ಮಾಡಬೇಕಾದುದೇನು? ಒಬ್ಬೊಬ್ಬರ ಮನೆಗೆ ಹೊರೆಯಾಗುವುದನ್ನು ಊರು ಹೊತ್ತರೆ ಹಗುರ. ಹಲವು ಊರುಗಳಲ್ಲಿ ದೇವಸ್ಥಾನದ ಅಥವಾ ಸಂಘದ ದೊಡ್ಡ ಪಾತ್ರೆಗಳು ಈಗಲೂ ಇವೆ. ಅವುಗಳ ಜೊತೆಗೆ ಸ್ಟೀಲಿನ ಲೋಟ, ತಟ್ಟೆ, ನೀರಿನ ಹಂಡೆ, ಜಮಖಾನ, ಮಳೆ ಬಂದರೆ ಹೊದಿಸಲು ಒಂದು ತಾಡಪಾಲು, ಮತ್ತೆ ಮತ್ತೆ ನೆಡಬಹುದಾದ ಕಂಬಗಳನ್ನು ಊರಿನ ಹೆಸರಿನಲ್ಲಿ ಇಟ್ಟುಕೊಳ್ಳೋಣ. ಹಳೆಯ ಮುಯ್ಯಾಳು ಪದ್ಧತಿಯನ್ನು ಚಪ್ಪರಕ್ಕೂ ಅಡುಗೆಗೂ ಅನ್ವಯಿಸಿ, ಬಡಿಸುವ, ಪಾತ್ರೆ ತೊಳೆಯುವ ಕೆಲಸದಲ್ಲಿ ಗಂಡಸರೂ ಸಮಪಾಲು ತೆಗೆದುಕೊಳ್ಳಲಿ. ಕಂಬಕ್ಕಾಗಿ ಕಾಡಿನ ಎಳೆಮರ ಕಡಿಯದಿರೋಣ; ತೋರಣಕ್ಕೆ ಮಾವಿನ ಕೊಂಬೆ ಮುರಿಯದೆ ಎಲೆಯನ್ನಷ್ಟೇ ಕೊಯ್ಯೋಣ. ಕೈತೊಳೆಯುವ ನೀರು ಬಾಳೆಯ ಬುಡಕ್ಕೆ ಹರಿಯುವಂತೆ ಮೊದಲೇ ಒಂದು ಕಾಲುವೆ ತೋಡೋಣ. ಮಂಟಪವನ್ನು ಚಪ್ಪರದ ನಡುವೆ ತಂದು ಸುತ್ತಲೂ ಜನ ಕುಳಿತರೆ ಮುಹೂರ್ತ ಎಲ್ಲರಿಗೂ ಕಾಣುತ್ತದೆ. ಛಾಯಾಗ್ರಾಹಕರಿಗೂ ಅಲ್ಲೇ ಒಂದು ಮೂಲೆಯಿರಲಿ.

ವಿದ್ಯಾರ್ಥಿ ಮಿತ್ರರಿಗೆ ವಿಶೇಷವಾಗಿ ಒಂದು ಕೋರಿಕೆ. ಸೋಗೆ ಯಾವ ಕಡೆಯಿಂದ ಹೊದಿಸಬೇಕು, ದಬ್ಬೆ ಹೇಗೆ ಸೀಳಬೇಕು, ಗಂಟು ಹೇಗೆ ಬಿಗಿಯಬೇಕೆಂದು ಬಲ್ಲ ಕೈಗಳು ಪ್ರತಿ ಊರಿನಲ್ಲೂ ಇನ್ನು ಕೆಲವೇ ಉಳಿದಿವೆ. ಆ ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು. ಈ ಬೇಸಿಗೆಯ ರಜೆಯಲ್ಲಿ ನಿಮ್ಮೂರಿನ ಒಂದು ಮದುವೆಯ ಮನೆಗೆ ಮೂರು ದಿನ ಮೊದಲೇ ಹೋಗಿ. ಅಂಥ ಹಿರಿಯರ ಜೊತೆ ಒಂದು ಚಪ್ಪರ ಕಟ್ಟಿ, ಸಮಾರಂಭ ಮುಗಿದ ಮೇಲೆ ಅದನ್ನು ಬಿಚ್ಚಿ ಸೋಗೆಯನ್ನು ತೋಟಕ್ಕೆ ಮುಟ್ಟಿಸಿ ಬನ್ನಿ.