ಕೈಯ ವಿದ್ಯೆ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಗ್ಯಾರೇಜುಗಳಲ್ಲಿ ದುಡಿಯುವವರನ್ನು ನಾವು ಕಾಲೇಜಿನವರು 'ಓದದವರು' ಎಂದುಬಿಡುತ್ತೇವೆ. ಇದು ಸರಿಯಲ್ಲ. ಮನೆಯಂಗಳದಲ್ಲಿ ಕಟ್ಟಿದ ಗಾಡಿಗೆ ಬಿಚ್ಚಿ ಮರುಜೋಡಿಸಿದ ಪೆಟ್ರೋಲ್ ಎಂಜಿನ್ ಕೂಡಿಸಿದರೆ, ಬಲ್ಲವನು ಒಮ್ಮೆಗೇ ಚಾಲೂ ಮಾಡುವುದಿಲ್ಲ. ಮೊದಲು ಎಂಜಿನ್ನಿನಿಂದ ಚಾಸಿಗೆ ಅರ್ಥ್ ತಂತಿ ಬಿಗಿಯುತ್ತಾನೆ. ಪ್ಲಗ್ಗುಗಳನ್ನು ಕಳಚಿ, ಎಣ್ಣೆಯ ಒತ್ತಡ ಏರುವವರೆಗೆ ಬರಿದೆ ತಿರುಗಿಸುತ್ತಾನೆ. ಅನಂತರವೇ ಕಿಡಿಯ ತಂತಿಗಳನ್ನು ಜೋಡಿಸುತ್ತಾನೆ. ನಾಲ್ಕು ಸಿಲಿಂಡರಿನ ಹೆಚ್ಚಿನ ಎಂಜಿನ್ನುಗಳಲ್ಲಿ ಕಿಡಿಯ ಕ್ರಮ 1-3-4-2. ಅದು ತಪ್ಪಿದರೆ ಎಂಜಿನ್ ಕೆಮ್ಮೀತೇ ಹೊರತು ಓಡದು. ಕಾರಣವರಿತು ಕ್ರಮ ಪಾಲಿಸುವುದು ವಿದ್ಯೆಯಲ್ಲವೇ? ಮುಂಬಯಿಯ ಅಧ್ಯಾಪಕವೃತ್ತಿ ಬಿಟ್ಟು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರಖಾನೆ ಕಟ್ಟಿದರು. ನಮ್ಮ ಮನೆತನದಲ್ಲಿ ಪದವಿ ಕಾಣುವ ಮೊದಲಿಗ ನಾನು. ಆದರೆ ಗ್ಯಾರೇಜಿನಲ್ಲಿ ದುಡಿಯುವ ನನ್ನ ತಂದೆಯನ್ನು ಅವಿದ್ಯಾವಂತರೆಂದು ನಾನು ಒಪ್ಪಲಾರೆ.