ಸೀಟಿನ ಕೆಳಗಿನ ಒಂದು ತಂತಿ

"ಒಂದು ತಂತಿ ಕಿತ್ರೆ ಸಾಕು ಕನಣ್ಣ, ಇಪ್ಪತ್ತೈದು ಹೋಗೋ ಗಾಡಿ ನಲವತ್ತೈದು ಹೋಯ್ತದೆ."

ಬೇಗೂರಿನ ಟೀ ಅಂಗಡಿಯೊಂದರ ಮುಂದೆ ಪಿಯುಸಿ ಓದುವ ಹುಡುಗ ನನಗೆ ಹೇಳಿದ ಮಾತಿದು. ಅವನು ಕೂತಿದ್ದು ಬ್ಯಾಟರಿ ಸ್ಕೂಟರ್ ಮೇಲೆ. ನಂಬರ್ ಪ್ಲೇಟ್ ಇಲ್ಲ. ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ ಅನ್ನುವ ಕಾರಣಕ್ಕೇ ಅವರಪ್ಪ ಕೊಡಿಸಿದ್ದು. ತಂತಿ ಕಿತ್ತದ್ದು ಅಪ್ಪನಿಗೆ ಗೊತ್ತಾ ಅಂತ ಕೇಳಿದೆ. ನಕ್ಕ. "ಗೊತ್ತಾದ್ರೆ ಬೈತಾರೆ" ಅಂದ.

ಅವನ ಪಕ್ಕದಲ್ಲೇ ಪೆಟ್ರೋಲ್ ಬೈಕಿನ ಹುಡುಗರು ನಿಂತಿದ್ದರು. ಅವರ ಮಾತು ಇನ್ನೊಂದು ಮೆಟ್ಟಿಲು ಮೇಲೆ: ಸೈಲೆನ್ಸರ್ ಬದಲಿಸೋದು, ಲಿಮಿಟರ್ ತೆಗೆಸೋದು, ಮೈಸೂರಿಗೆ ಹೋಗಿ ಇಸಿಯು ಮ್ಯಾಪ್ ಮಾಡಿಸೋದು. ಕಂಪನಿಯವರು ಬೇಕಂತಲೇ ಶಕ್ತಿ ಕಟ್ಟಿಹಾಕಿದ್ದಾರೆ, ನಾವು ಬಿಚ್ಚುತ್ತೇವೆ ಅನ್ನುವ ವಾದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಬೇಡಿ. ಆದರೆ ಬಿಚ್ಚುವ ಹುಡುಗರನ್ನು ಮಾತ್ರ ಬೈದು ಸುಮ್ಮನಾಗುವುದೂ ಸರಿಯಲ್ಲ. ಎರಡನ್ನೂ ವಿವರಿಸುತ್ತೇನೆ.

ಮೊದಲು ಬ್ಯಾಟರಿ ಸ್ಕೂಟರ್ ವಿಷಯ. ಇದಕ್ಕೆ ನೋಂದಣಿ ಯಾಕೆ ಬೇಡ? ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು ಇದ್ದು, ಗಂಟೆಗೆ 25 ಕಿಲೋಮೀಟರ್ ಮುಟ್ಟದ ಬ್ಯಾಟರಿ ಗಾಡಿಯನ್ನು 'ಮೋಟಾರು ವಾಹನ' ಅಂತಲೇ ಲೆಕ್ಕ ಹಾಕುವುದಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದರೆ ಇದು ಒಂದು ಎಚ್‌ಪಿಯ ಮೂರನೇ ಒಂದು ಭಾಗ. ಕಾನೂನಿನ ಕಣ್ಣಲ್ಲಿ ಅದು ಸೈಕಲ್ಲಿನ ಅಣ್ಣ, ಬೈಕಿನ ತಮ್ಮನಲ್ಲ. ಅದಕ್ಕೇ ಅಷ್ಟು ರಿಯಾಯಿತಿ.

ಆ ತಂತಿ ಕಿತ್ತ ಕ್ಷಣ ರಿಯಾಯಿತಿಯೂ ಕಿತ್ತುಹೋಗುತ್ತದೆ. ಈಗ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಓಡಿಸುವವನು ಲೈಸೆನ್ಸ್ ಇಲ್ಲದ ಚಾಲಕ. ಆಮೇಲೆ ಹೋಗಿ ನೋಂದಣಿ ಮಾಡಿಸೋಣ ಅಂದರೂ ಸುಲಭವಿಲ್ಲ. ಆ ಮಾದರಿಗೆ ಅನುಮೋದನೆ ಸಿಕ್ಕಿರುವುದೇ ನಿಧಾನದ ಗಾಡಿ ಅಂತ.

ಪೊಲೀಸ್ ಹಿಡಿದರೆ ದಂಡ ಕಟ್ಟಿದರಾಯಿತು ಅಂದುಕೊಳ್ಳಬೇಡಿ. ನಾನು ಯೋಚಿಸುತ್ತಿರುವುದು ದಂಡದ ಬಗ್ಗೆ ಅಲ್ಲ. ಸಂಜೆ ಹೊತ್ತು ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸಿನ ಬಗ್ಗೆ. ಅವರಿಗೆ ಗಾಡಿ ಬಡಿದು ಕಾಲು ಮುರಿದರೆ ಪರಿಹಾರ ಎಲ್ಲಿಂದ ಬರುತ್ತದೆ? ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ನ್ಯಾಯಾಲಯ ಗಾಡಿಯ ಮಾಲೀಕನನ್ನು ಹುಡುಕುತ್ತದೆ. ಮಾಲೀಕ ಅಂದರೆ ಅಪ್ಪ. ಅಪ್ಪನ ಹತ್ತಿರ ಇರುವುದು ಎರಡು ಎಕರೆ ಹೊಲ. ಗಾಯಗೊಂಡ ಮನೆಯೂ ಬಡವರದು, ಗುದ್ದಿದ ಮನೆಯೂ ಬಡವರದು. ಒಂದು ತಂತಿಯಿಂದ ಎರಡು ಮನೆ ಕೆಡುತ್ತವೆ.

ವೇಗದ ಲೆಕ್ಕವನ್ನೂ ನೋಡಿ. 25ರಿಂದ 45ಕ್ಕೆ ಹೋದರೆ ವೇಗ ಎರಡು ಪಟ್ಟೂ ಆಗಲಿಲ್ಲವಲ್ಲ ಅನ್ನಿಸುತ್ತದೆ. ಆದರೆ ಡಿಕ್ಕಿಯ ಹೊಡೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಲ್ಲಿಗೆ ಅದು ಮೂರು ಪಟ್ಟಿಗಿಂತ ಹೆಚ್ಚಾಯಿತು. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಅಷ್ಟೇ ಪಟ್ಟು. ಬ್ರೇಕು, ಟೈರು, ಚಾಸಿ ಮಾತ್ರ ಹಳೆಯವೇ. ತಂತಿ ಕಿತ್ತವರು ಬ್ರೇಕ್ ಬದಲಿಸಿದ್ದನ್ನು ನಾನಂತೂ ನೋಡಿಲ್ಲ.

ಇನ್ನು ಮೋಟಾರು. ಬೋರ್‌ವೆಲ್ ಮೋಟಾರು ಸುಟ್ಟು, ಅದನ್ನು ಎತ್ತಿಸಿ ರಿವೈಂಡಿಂಗ್‌ಗೆ ಹೊತ್ತುಕೊಂಡು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳುವುದಕ್ಕಿಂತ ಹೆಚ್ಚು ಕರೆಂಟು ಎಳೆದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಕಂಟ್ರೋಲರ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಬೇಗ ಸಾಯುತ್ತದೆ. ವಾರಂಟಿ ಕೇಳಲು ಹೋದರೆ ಮೊದಲು ನೋಡುವುದೇ ಆ ತಂತಿಯನ್ನು.

ಈಗ ಪೆಟ್ರೋಲ್ ಬೈಕಿಗೆ ಬರೋಣ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ನಮ್ಮ ನೂರು ಸಿಸಿ ಬೈಕುಗಳಲ್ಲೂ ಇಸಿಯು ಅನ್ನುವ ಸಣ್ಣ ಕಂಪ್ಯೂಟರ್ ಕೂತಿದೆ. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಎಂಜಿನ್ ಇಂತಿಷ್ಟು ಸುತ್ತಿಗಿಂತ ಹೆಚ್ಚು ತಿರುಗಿದರೆ ಪೆಟ್ರೋಲನ್ನೋ ಕಿಡಿಯನ್ನೋ ಕ್ಷಣಕಾಲ ನಿಲ್ಲಿಸುತ್ತದೆ. ಇದನ್ನೇ ಹುಡುಗರು ಲಿಮಿಟರ್ ಅನ್ನುವುದು.

ಅದು ಜಿಪುಣತನಕ್ಕೆ ಇಟ್ಟದ್ದಲ್ಲ. ಎಂಜಿನ್ ಮಿತಿ ಮೀರಿ ತಿರುಗಿದರೆ ವಾಲ್ವ್ ಮುಚ್ಚಿಸುವ ಸ್ಪ್ರಿಂಗ್‌ಗೆ ಅಷ್ಟು ವೇಗವಾಗಿ ಕೆಲಸ ಮಾಡಲು ಆಗುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದು ಗುದ್ದುವ ಅಪಾಯವಿದೆ. ಆಗ ಎಂಜಿನ್ ಬಿಚ್ಚುವುದು ಒಂದೇ ದಾರಿ. ಅಂದರೆ ಲಿಮಿಟರ್ ಇರುವುದು ಶಕ್ತಿ ಕಟ್ಟಿಹಾಕಲು ಅಲ್ಲ, ಎಂಜಿನ್ ಉಳಿಸಲು.

ಇಷ್ಟೆಲ್ಲ ಮಾಡಿ ಸಿಗುವ ಲಾಭವಾದರೂ ಏನು? ಬೈಕು ವೇಗವಾದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಭಯಂಕರವಾಗಿ ಏರುತ್ತದೆ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎಂಟರಷ್ಟು ಬೇಕು. ಎಂಜಿನ್ ಶಕ್ತಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿದರೂ ಗರಿಷ್ಠ ವೇಗ ಏರುವುದು ನೂರಕ್ಕೆ ಮೂರರಷ್ಟು ಮಾತ್ರ. 90 ಓಡುತ್ತಿದ್ದದ್ದು 93 ಓಡುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡದ್ದು ಮೂರು ಕಿಲೋಮೀಟರ್ ವೇಗ ಮತ್ತು ಒಂದು ರಾಶಿ ಶಬ್ದ. ಹದಿನೈದು ಕಿಲೋಮೀಟರ್ ದಾರಿಯನ್ನು 60ರಲ್ಲಿ ಹೋದರೆ ಹದಿನೈದು ನಿಮಿಷ, 70ರಲ್ಲಿ ಹೋದರೆ ಸುಮಾರು ಹದಿಮೂರು ನಿಮಿಷ. ಉಳಿದ ಎರಡು ನಿಮಿಷದಲ್ಲಿ ಒಂದು ಟೀ ಕೂಡ ಕುಡಿದು ಮುಗಿಯುವುದಿಲ್ಲ.

"ಕಂಪನಿಯವರು ನಿಜವಾಗಲೂ ಶಕ್ತಿ ಕಡಿಮೆ ಮಾಡೇ ಇಲ್ವಾ?" ಅಂತ ಕೇಳಬಹುದು. ಮಾಡಿದ್ದಾರೆ. ಹಿರಿಯರಿಗೆ ನೆನಪಿರುತ್ತದೆ, 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜದೂತ್ 350 ತಂದಿತು. ಯಮಹಾದ ಮೂಲ ಗಾಡಿ 39 ಎಚ್‌ಪಿಯದು. ಇಲ್ಲಿ ಮಾರಿದ್ದು 30.5 ಎಚ್‌ಪಿಗೆ, ಮೈಲೇಜ್ ಸಾಲದು ಅಂತ ಆಮೇಲೆ 27ಕ್ಕೆ ಇಳಿಸಿದ್ದು. ಶೋಕಿಯವರು ಪೋರ್ಟು, ಸೈಲೆನ್ಸರ್ ತಿದ್ದಿಸಿ ಆ ಶಕ್ತಿಯನ್ನು ಮರಳಿ ತರಲು ನೋಡಿದರು. ಆದರೆ ಮೂಲ ಗಾಡಿಯ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿಯದರಲ್ಲಿ ಡ್ರಮ್ ಬ್ರೇಕ್. ಎಂಜಿನ್‌ನ ಶಕ್ತಿ ವಾಪಸ್ ತಂದವರು ಬ್ರೇಕನ್ನು ವಾಪಸ್ ತರಲಿಲ್ಲ. ನಲವತ್ತು ವರ್ಷದ ಹಿಂದೆ ಮಾಡಿದ ತಪ್ಪನ್ನೇ ಇವತ್ತು ಮೊಬೈಲ್‌ನಲ್ಲಿ ವೀಡಿಯೊ ನೋಡಿ ಮಾಡುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ ಅನ್ನುವುದೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಹೀಗೆ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಓಡಿಸಿದ್ದು ಅಪ್ರಾಪ್ತ ಹುಡುಗನಾಗಿದ್ದು ಅಪರಾಧವಾದರೆ 199ಎ ಸೆಕ್ಷನ್ ಇನ್ನೂ ಖಾರ. ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಪೊಲೀಸ್ ಕೆಲಸಕ್ಕೋ ಡ್ರೈವರ್ ಕೆಲಸಕ್ಕೋ ಕಣ್ಣಿಟ್ಟಿರುವ ಹುಡುಗರು ಈ ಕೊನೆಯ ಮಾತನ್ನು ಇನ್ನೊಂದು ಸಲ ಓದಿ.

ಇಷ್ಟು ಹುಡುಗರಿಗೆ ಆಯಿತು. ಈಗ ಅವರ ಪರವಾಗಿ ಎರಡು ಮಾತು.

ಬೇಗೂರಿನ ಮಧ್ಯೆ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 766. ಕೇರಳಕ್ಕೆ ತರಕಾರಿ ಲಾರಿ ಹೋಗುವುದು ಇದರಲ್ಲೇ, ಪ್ರವಾಸಿಗರ ಕಾರು ಬರುವುದೂ ಇದರಲ್ಲೇ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುವುದರಿಂದ ಸಂಜೆಯ ಮೇಲೆ ಅಲ್ಲಿಗೆ ಹೋಗುವ ಗಾಡಿಗಳಿಗೆ ಎಲ್ಲಿಲ್ಲದ ಅವಸರ. ಸೂರ್ಯಕಾಂತಿ, ಚೆಂಡು ಹೂವು ಅರಳಿದ ಕಾಲದಲ್ಲಿ ಫೋಟೊಗೆ ಅಂತ ಕಾರುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ಇಂಥ ರಸ್ತೆಯಲ್ಲಿ 25ರ ವೇಗದ ಸ್ಕೂಟರ್ ಓಡಿಸುವುದೂ ಅಪಾಯವೇ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುವಾಗ ಆ ಹುಡುಗನಿಗೆ ತಂತಿ ಕೀಳಬೇಕು ಅನ್ನಿಸಿದರೆ ನನಗೆ ಆಶ್ಚರ್ಯವಿಲ್ಲ.

ಅಷ್ಟಕ್ಕೂ ಅವನಿಗೆ ಸ್ಕೂಟರ್ ಯಾಕೆ ಬೇಕಾಯಿತು? ಒಳಗಿನ ಊರಿನಿಂದ ಕಾಲೇಜಿನ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬಸ್ ಪಾಸ್ ಜೇಬಿನಲ್ಲಿದ್ದೂ ಬಾಗಿಲಲ್ಲಿ ನೇತಾಡುವ ಮಕ್ಕಳನ್ನು ನಾವು ದಿನಾ ನೋಡುತ್ತೇವೆ. ಹುಡುಗರಿಗೆ ಬುದ್ಧಿ ಹೇಳುವ ದೊಡ್ಡವರು ಆ ಬಸ್ಸಿನ ಬಗ್ಗೆ ಅರ್ಜಿಯನ್ನಾದರೂ ಕೊಟ್ಟಿದ್ದೇವಾ?

ಮಾರುವವರ ಪಾಲೂ ಇದೆ. ಸ್ಕೂಟರ್ ತೋರಿಸುವಾಗಲೇ "ಬೇಕಾದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಡ್ತೀವಿ" ಅಂತ ಮೆಲ್ಲಗೆ ಹೇಳುವವರನ್ನು ನಾನೇ ಕೇಳಿದ್ದೇನೆ. ಲೈಸೆನ್ಸ್ ಬೇಡ ಅಂತ ಮಾರುವುದೂ ಅವರೇ, ಲೈಸೆನ್ಸ್ ಬೇಕಾಗುವ ಹಾಗೆ ಮಾಡಿಕೊಡುವುದೂ ಅವರೇ. ಸಿಕ್ಕಿಬೀಳುವವನು ಮಾತ್ರ ಹದಿನೇಳರ ಹುಡುಗ.

ಹಾಗಾದರೆ ಏನು ಮಾಡಬೇಕು?

ತಂದೆ ತಾಯಂದಿರೇ, ಮಗ ಹೆದ್ದಾರಿಯಲ್ಲೇ ಓಡಾಡಬೇಕು ಅಂತಿದ್ದರೆ ಲೈಸೆನ್ಸ್ ಬೇಡದ ಗಾಡಿ ಕೊಡಿಸಬೇಡಿ. ಹದಿನೆಂಟು ತುಂಬಲಿ, ಲೈಸೆನ್ಸ್ ಮಾಡಿಸಿ, ನೋಂದಣಿ ಮತ್ತು ವಿಮೆ ಇರುವ ಗಾಡಿ ಕೊಡಿಸಿ. 25ರ ಸ್ಕೂಟರ್ ಊರೊಳಗೆ, ಡೇರಿಗೆ, ಹೊಲಕ್ಕೆ ಚೆನ್ನಾಗಿದೆ. ಅಲ್ಲಿಗೇ ಇರಲಿ. ಈಗಾಗಲೇ ಮನೆಯಲ್ಲಿದ್ದರೆ ಇವತ್ತು ಸಂಜೆ ಖಾಲಿ ರಸ್ತೆಯಲ್ಲಿ ನೀವೇ ಒಂದು ಸುತ್ತು ಹೋಗಿ, ಮೀಟರ್ ನೋಡಿ. ಗೊತ್ತಾಗುತ್ತದೆ.

ಸಾರಿಗೆ ಇಲಾಖೆಯವರು ದಾರಿಯಲ್ಲಿ ಮಕ್ಕಳನ್ನು ಹಿಡಿಯುವ ಮೊದಲು ಅಂಗಡಿಗಳಲ್ಲಿ ಸ್ಕೂಟರ್‌ಗಳ ವೇಗ ಪರೀಕ್ಷಿಸಲಿ. ಬೇಗೂರಿನಂಥ ಹೋಬಳಿ ಕೇಂದ್ರಕ್ಕೆ ತಿಂಗಳಿಗೊಮ್ಮೆ ಬಂದು ಲೈಸೆನ್ಸ್ ಶಿಬಿರ ಮಾಡಲಿ. ಒಂದು ದಿನದ ಕೂಲಿ ಬಿಟ್ಟು ಚಾಮರಾಜನಗರಕ್ಕೆ ಹೋಗುವುದು ಎಲ್ಲರ ಕೈಯಲ್ಲೂ ಆಗುವುದಿಲ್ಲ. ಪಂಚಾಯಿತಿ ಸದಸ್ಯರು ಕಾಲೇಜು ಹೊತ್ತಿನ ಬಸ್ಸಿಗೆ ಡಿಪೊ ಬಾಗಿಲು ತಟ್ಟಲಿ.

ಇನ್ನು ತಮ್ಮಂದಿರಿಗೆ ಕೊನೆಯ ಮಾತು. ಮಿತಿ ಅಂದರೆ ಏನು ಅಂತ ನಮ್ಮ ತಾಲ್ಲೂಕಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತೆರೆಯಿರಿ ಅಂತ ಒತ್ತಡ ಬಂದಾಗಲೆಲ್ಲ ಬೇಡ ಅಂದವರಲ್ಲಿ ನಮ್ಮವರೂ ಇದ್ದರು. ಕತ್ತಲಲ್ಲಿ ರಸ್ತೆ ದಾಟುವ ಜಿಂಕೆಗೆ ಬಾಯಿಲ್ಲ, ಅದಕ್ಕಾಗಿ ನಾವು ಕಾಯಬೇಕು ಅಂದೆವು.

ಜಿಂಕೆಗಾಗಿ ಒಂದು ರಾತ್ರಿ ಕಾಯಬಲ್ಲ ಊರು ಹುಲ್ಲಿನ ಹೊರೆ ಹೊತ್ತ ಅವ್ವನಿಗಾಗಿ ಎರಡು ನಿಮಿಷ ಕಾಯಲಾರದೇ? ಆ ತಂತಿಯನ್ನು ವಾಪಸ್ ಹಾಕಿಸಿಬಿಡಿ.